ಕಂಬಳಿಗೆ ಹತ್ತದ ನೀರು, ಗಾಜಿಗೆ ಹತ್ತುವ ಮಬ್ಬು

ಬಿ.ಜಿ. ಕೆರೆ, ಚಳ್ಳಕೆರೆ ಸೀಮೆಯಲ್ಲಿ ಕುರಿ ಕಾಯುವವರ ಹೆಗಲಿಗೆ ಕರಿಕಂಬಳಿ ಹೊಸದಲ್ಲ. ಮಳೆ ಬಂದರೆ ಅದೇ ಕೊಪ್ಪೆಯಾಗುತ್ತದೆ. ಹನಿಗಳು ಉಣ್ಣೆಯ ಮೇಲೆ ಮಣಿಗಳಂತೆ ನಿಂತು ಜಾರಿಹೋಗುತ್ತವೆ. ಕುರಿಯ ತುಪ್ಪಟದಲ್ಲಿರುವ ಜಿಡ್ಡು, ಒತ್ತಾದ ನೇಯ್ಗೆ ಇವೆರಡೂ ಅದಕ್ಕೆ ಕಾರಣ. ಆದರೆ ಅದೇ ಉಣ್ಣೆ ಗಾಳಿಯಲ್ಲಿನ ಆವಿಯನ್ನು ಸದ್ದಿಲ್ಲದೆ ಹೀರುತ್ತದೆ. ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವವನ್ನು ಒಳಗಿಟ್ಟುಕೊಂಡರೂ ಒದ್ದೆ ಅನ್ನಿಸುವುದಿಲ್ಲ. ಹನಿಯನ್ನು ತಡೆಯುವುದು ಬೇರೆ, ಆವಿಯನ್ನು ತಡೆಯುವುದು ಬೇರೆ.

ಕನ್ನಡಕ, ದುರ್ಬೀನು, ಕ್ಯಾಮೆರಾಗಳ ಗಾಜಿನ ತೊಂದರೆಯೂ ಇದೇ. 2020ರಲ್ಲಿ ಮುಖಗವಸು ಕಟ್ಟಿದ ಕನ್ನಡಕಧಾರಿಗಳಿಗೆ ಇದನ್ನು ವಿವರಿಸಬೇಕಿಲ್ಲ. ಬಿಸಿಯುಸಿರು ತಣ್ಣನೆಯ ಗಾಜಿಗೆ ತಗುಲಿದಾಗ ಆವಿ ಲಕ್ಷಾಂತರ ಸೂಕ್ಷ್ಮ ಹನಿಗಳಾಗಿ ಕೂರುತ್ತದೆ. ಒಂದೊಂದು ಹನಿಯೂ ಬೆಳಕನ್ನು ಚದುರಿಸುತ್ತದೆ.

ಹಳೆಯ ಉಪಾಯ ಸಾಬೂನು. ಅದು ನೀರನ್ನು ಓಡಿಸುವುದಿಲ್ಲ, ಹರಡಿಸುತ್ತದೆ. ಹನಿಗಳು ಕೂಡಿ ತೆಳು ಪೊರೆಯಾದರೆ ಬೆಳಕು ನೇರ ದಾಟುತ್ತದೆ. 1966ರ ಜೂನ್‌ನಲ್ಲಿ ಜೆಮಿನಿ-9 ನೌಕೆಯಿಂದ ಹೊರಬಂದ ಯೂಜೀನ್ ಸೆರ್ನನ್ ಬೆವರಿ, ಶಿರಸ್ತ್ರಾಣದ ಗಾಜು ಪೂರ್ತಿ ಮಬ್ಬಾಗಿ, ಮೂಗಿನಿಂದ ಉಜ್ಜಿ ಕಿಂಡಿ ಮಾಡಿಕೊಳ್ಳಬೇಕಾಯಿತು. ಆಮೇಲೆ ಗಾಜಿನ ಒಳಬದಿಗೆ ಮಬ್ಬುನಿರೋಧಕ ದ್ರಾವಣ ಸವರುವುದು ರೂಢಿಯಾಯಿತು. ಮದ್ದಿಗೂ ಅದರದೇ ಕಾಟ: 2001ರ ಏಪ್ರಿಲ್‌ನಲ್ಲಿ ಕೆನಡಾದ ಕ್ರಿಸ್ ಹ್ಯಾಡ್‌ಫೀಲ್ಡ್ ಬಾಹ್ಯಾಕಾಶ ನಡಿಗೆಯಲ್ಲಿದ್ದಾಗ ಆ ದ್ರಾವಣ ಕಣ್ಣಿಗಿಳಿದು ಕೆಲಕಾಲ ಏನೂ ಕಾಣದಂತಾಯಿತು. ಸವರಿದ್ದು ಗಾಜನ್ನು ಬಿಟ್ಟುಬರುತ್ತದೆ ಎಂಬುದೇ ಇಲ್ಲಿನ ಮೂಲ ತಕರಾರು.

1997ರಲ್ಲಿ ಎರಡು ವಿರುದ್ಧ ದಾರಿಗಳು ಒಟ್ಟಿಗೇ ಸುದ್ದಿಯಾದವು. ಜಪಾನಿನ ಫುಜಿಶಿಮಾ ತಂಡ, ಟೈಟಾನಿಯಂ ಡೈಆಕ್ಸೈಡ್ ಲೇಪದ ಮೇಲೆ ಅತಿನೇರಳೆ ಬೆಳಕು ಬಿದ್ದರೆ ನೀರು ಪೊರೆಯಾಗಿ ಹರಡುತ್ತದೆಂದು ತೋರಿಸಿತು. ಕತ್ತಲಲ್ಲಿಟ್ಟರೆ ಗುಣ ಇಳಿಯುತ್ತದೆ. ಜರ್ಮನಿಯ ಬಾರ್ತ್‌ಲಾಟ್ ಮತ್ತು ನೈನ್‌ಹೌಸ್ ತಾವರೆ ಎಲೆಯ ಗುಟ್ಟನ್ನು ವಿವರಿಸಿದರು: ಮೇಣ ಹೊದ್ದ ಸೂಕ್ಷ್ಮ ಗುಬುಟುಗಳ ತುದಿಯ ಮೇಲೆ ಹನಿ ತೇಲಿದಂತೆ ನಿಲ್ಲುತ್ತದೆ. ತಾವರೆ ಎಲೆಯ ನೀರು ನಮ್ಮವರಿಗೆ ಶತಮಾನಗಳ ಉಪಮೆ. ಆದರೆ ಆ ಎಲೆಯೂ ಆವಿಗೆ ಸೋಲುತ್ತದೆ. ಗುಬುಟುಗಳ ಸಂದಿನಲ್ಲೇ ಆವಿ ಹನಿಗಟ್ಟಿದರೆ ಅದು ಅಂಟಿಕೊಂಡೇ ಕೂರುತ್ತದೆ.

ಉತ್ತರದ ಸುಳಿವು ಸಿಕ್ಕಿದ್ದು, ನಾವು ಯಾರೂ ಮೆಚ್ಚದ ಸೊಳ್ಳೆಯಲ್ಲಿ. ತೇವ ತುಂಬಿದ ಗಾಳಿಯಲ್ಲೂ ಅದರ ಕಣ್ಣು ಮಬ್ಬಾಗದು. 2007ರಲ್ಲಿ ಚೀನೀ ವಿಜ್ಞಾನಿಗಳು ಕಾರಣ ಕಂಡರು. ಅದರ ಒಂದೊಂದು ಕಿರುಗಣ್ಣಿನ ಅಗಲ ಸುಮಾರು 26 ಮೈಕ್ರಾನ್. ಅದರ ಮೈಮೇಲೆ ಸುಮಾರು 100 ನ್ಯಾನೋಮೀಟರಿನ ಮೊಳಕೆಗಳು. ಸಂದುಗಳು ಎಷ್ಟು ಕಿರಿದೆಂದರೆ ಮಂಜಿನ ಹನಿಗೂ ನೆಲೆ ಸಿಗುವುದಿಲ್ಲ. ಬೆಳಕಿನ ಅಲೆಗಿಂತ ಮೊಳಕೆ ಚಿಕ್ಕದಾದ್ದರಿಂದ ನೋಟಕ್ಕೂ ಅಡ್ಡಿಯಿಲ್ಲ.

ಇಂಥ ಮೊಳಕೆಗಳನ್ನು ಗಾಜಿನ ಮೇಲೆ ಮೂಡಿಸುವುದು ಪ್ರಯೋಗಶಾಲೆಗಳಿಗೆ ಸಾಧ್ಯವಾಗಿದೆ, ಉಳಿಸಿಕೊಳ್ಳುವುದೇ ಕಷ್ಟ. ಬಟ್ಟೆಯಿಂದ ನಾಲ್ಕು ಸಲ ಒರೆಸಿದರೆ ತುದಿ ಸವೆಯುತ್ತದೆ, ಬೆರಳಿನ ಎಣ್ಣೆ ಸಂದು ತುಂಬುತ್ತದೆ, ಧೂಳು ಗೀರುತ್ತದೆ. ಗಟ್ಟಿ ಮಾಡಲು ಲೇಪವನ್ನು ದಪ್ಪಗೊಳಿಸಿದರೆ ಗಾಜಿನ ಪಾರದರ್ಶಕತೆಯೇ ಕೆಡುತ್ತದೆ.

ಚಳ್ಳಕೆರೆ ಬಳಿ 2017ರಲ್ಲಿ ಉದ್ಘಾಟನೆಯಾದ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕ್ಷೇತ್ರವಿದೆ. ಅಲ್ಲಿ ಕಂಬಳಿಯ ಸೀಮೆಯ ಮೇಲೆಯೇ ಮಾನವರಹಿತ ವಿಮಾನಗಳ ಪರೀಕ್ಷೆ ನಡೆಯುತ್ತದೆ. ಮೇಲಿನ ಚಳಿಯಲ್ಲಿ ತಣಿದ ಗಾಜು ಕೆಳಗಿನ ತೇವದ ಗಾಳಿಗೆ ಇಳಿದಾಗ ಮಬ್ಬು ಕೂರುವುದು ಸಹಜ. ಸೆರ್ನನ್‌ಗೆ ಉಜ್ಜಲು ಮೂಗಾದರೂ ಇತ್ತು. ಈ ವಿಮಾನದ ಕ್ಯಾಮೆರಾಗೆ ಅದೂ ಇಲ್ಲ.