ಕುದುರೆಮುಖವೇ ದಾರಿ ತೋರಿಸುತ್ತಿದ್ದ ಕಾಲ

ನಮ್ಮ ಸಂತೆಯ ಬಂಗುಡೆ, ಬೂತಾಯಿ ಘಾಟಿ ಹತ್ತಿ ಬರುತ್ತವೆ. ಆದರೆ ಕಡಲಿಗೂ ನಮ್ಮ ಬೆಟ್ಟಕ್ಕೂ ಮೀನು ಲಾರಿಗಿಂತ ಹಳೆಯ ನಂಟಿದೆ. ಸಂಸೆಯ ದಾರಿಯಿಂದ ಹತ್ತುತ್ತಿದ್ದುದರಿಂದ ಹಿಂದೆ ‘ಸಂಸೆ ಪರ್ವತ’ ಎನಿಸಿಕೊಂಡಿದ್ದ ಶಿಖರ, ಪಡುವಣದಿಂದ ನೋಡಿದವರಿಗೆ ಕುದುರೆಯ ಮುಖದಂತೆ ಕಂಡಿತು. ಕೊನೆಗೆ ಉಳಿದದ್ದು ಅವರಿಟ್ಟ ಹೆಸರೇ. 1,894 ಮೀಟರ್ ಎತ್ತರದ ಕುದುರೆಮುಖ ಅರಬ್ಬೀ ಸಮುದ್ರದ ನಾವಿಕರಿಗೆ ಗುರುತಾಗಿತ್ತು. ಭೂಮಿ ಗುಂಡಗಿರುವುದರಿಂದ ದಡದ ತೆಂಗು ಕಣ್ಮರೆಯಾದ ಮೇಲೂ ಬೆಟ್ಟ ಕಾಣುತ್ತದೆ. ಮೋಡ ಕವಿದರೆ ಅದೂ ಇಲ್ಲ.

ನೀರಿನ ಆಳಕ್ಕೆ ಸೀಸದ ಗುಂಡು ಕಟ್ಟಿದ ಹಗ್ಗ. ಲೆಕ್ಕ ಮಾರಿನಲ್ಲಿ, ಬಾವಿ ಹಗ್ಗಕ್ಕೆ ನಾವು ಹಾಕುವ ಅದೇ ಮಾರು.

ಹಗ್ಗದ ಜಾಗಕ್ಕೆ ಶಬ್ದ ಬಂತು. 1912ರಲ್ಲಿ ಟೈಟಾನಿಕ್ ಮುಳುಗಿದ ಮರುವರ್ಷ ಜರ್ಮನಿಯ ಅಲೆಕ್ಸಾಂಡರ್ ಬೆಮ್ ಪ್ರತಿಧ್ವನಿಯಿಂದ ಆಳ ಅಳೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ಅದನ್ನು ಮೀನು ಹುಡುಕಲು ಹೊಂದಿಸಿ 1948ರಲ್ಲಿ ಮಾರಾಟಕ್ಕೆ ತಂದವರು ಜಪಾನಿನ ನಾಗಸಾಕಿಯ ಫುರುನೊ ಸಹೋದರರು. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. 60 ಮೀಟರ್ ಆಳದ ತಳಕ್ಕೆ ಬಡಿದು ವಾಪಸು ಬರಲು 0.08 ಸೆಕೆಂಡ್ ಸಾಕು. ಹಲವು ಮೀನುಗಳ ಹೊಟ್ಟೆಯ ಗಾಳಿಚೀಲಕ್ಕೂ ಶಬ್ದ ತಾಗಿ ಮರಳುವುದರಿಂದ ಮೀನಿನ ಹಿಂಡು ಪರದೆಯ ಮೇಲೆ ಬಣ್ಣದ ಮಚ್ಚೆಯಾಗಿ ಮೂಡುತ್ತದೆ.

ಇದನ್ನು ಜೋಡಿಸುವುದರಲ್ಲಿ ಕಷ್ಟ ಇರುವುದು ಪರದೆಯಲ್ಲಲ್ಲ, ದೋಣಿಯ ಅಡಿಯಲ್ಲಿ. ಶಬ್ದ ಬಿಟ್ಟು ಪ್ರತಿಧ್ವನಿ ಕೇಳುವ ಭಾಗವನ್ನು ಪ್ರೊಪೆಲ್ಲರ್‌ನ ನೊರೆ ತಾಗದ ಕಡೆ, ಸದಾ ನೀರಿನಲ್ಲೇ ಇರುವಂತೆ ಕೂರಿಸಬೇಕು. ಗಾಳಿಗುಳ್ಳೆ ಅಡ್ಡ ಬಂದರೆ ಪರದೆಯಲ್ಲಿ ಬರೀ ಗಲೀಜು. ಮರದ ದೋಣಿಯಾದರೆ ತಳಕ್ಕೇ ತೂತು ಕೊರೆದು, ನೀರು ಜಿನುಗದಂತೆ ಬಿಗಿಯಬೇಕು. ಜಿಪಿಎಸ್‌ನ ಆಂಟೆನಾ ಮಾತ್ರ ಮೇಲೆ, ಆಕಾಶಕ್ಕೆ ತೆರೆದ ಕಡೆ. ಪರದೆ ತಾಂಡೇಲರ ಕಣ್ಣೆದುರಿಗೆ.

ಈ ಖರ್ಚೆಲ್ಲ ಯಾಕೆ ಬೇಕಾಯಿತು? 1970ರ ದಶಕದಲ್ಲಿ ಪರ್ಸೀನ್ ಬಲೆ ಬಂದು ದಡದ ರಂಪಣಿ ಸೊರಗಿತು. ಟ್ರಾಲ್ ದೋಣಿಗಳೂ ದೂರ ದೂರ ಹೋಗತೊಡಗಿದವು. ಮಲ್ಪೆಯ ದೋಣಿ ಮಹಾರಾಷ್ಟ್ರದ ಕಡಲಿನಲ್ಲಿದ್ದರೆ ನಮ್ಮ ಕುದುರೆಮುಖ ಯಾವ ಉಪಯೋಗಕ್ಕೆ? 2000ದ ಮೇ 2ರಂದು ಅಮೆರಿಕ ನಾಗರಿಕರ ಜಿಪಿಎಸ್‌ಗೆ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಸುಮಾರು ನೂರು ಮೀಟರಿನ ವ್ಯತ್ಯಾಸ ಹತ್ತಿಪ್ಪತ್ತಕ್ಕೆ ಇಳಿಯಿತು. ಬಲೆ ಹರಿಯುವ ಬಂಡೆಯ ಜಾಗವನ್ನೂ ಗುರುತು ಹಾಕಿಡಬಹುದಾಯಿತು.

ಆದರೆ ತಾನು ಎಲ್ಲಿದ್ದೇನೆ ಎಂದು ದೋಣಿಗೆ ತಿಳಿಯುವುದು ಬೇರೆ, ದಡದವರಿಗೆ ತಿಳಿಯುವುದು ಬೇರೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿಯ ಸಂಪರ್ಕ ಎರಡೇ ದಿನದಲ್ಲಿ ತಪ್ಪಿತು. ಅದರಲ್ಲಿ ಏಳು ಮಂದಿ ಇದ್ದರು. ಮನೆಯವರು ನಾಲ್ಕು ತಿಂಗಳಿಗೂ ಮೀರಿ ಕಾದರು. ಕೊನೆಗೆ 2019ರ ಮೇ ಆರಂಭದಲ್ಲಿ ಅವಶೇಷ ಪತ್ತೆಹಚ್ಚಿದ್ದು ನೌಕಾಪಡೆಯ ‘ನಿರೀಕ್ಷಕ್’ ಹಡಗು, ಸೋನಾರ್‌ನಿಂದಲೇ. ಮಾಲ್ವಣ ತೀರದಿಂದ 33 ಕಿಲೋಮೀಟರ್ ಆಚೆ, ಸುಮಾರು 60 ಮೀಟರ್ ಆಳದಲ್ಲಿ ಅದು ಬಿದ್ದಿತ್ತು.

ಈಗ ಒಂದು ಲಕ್ಷ ದೋಣಿಗಳಿಗೆ ಉಪಗ್ರಹದ ಟ್ರಾನ್ಸ್‌ಪಾಂಡರ್ ಹಾಕುವ ಕೇಂದ್ರದ ಯೋಜನೆ ನಡೆಯುತ್ತಿದೆ. ಮೊಬೈಲ್ ಟವರ್ ಸಿಗದ ಕಡೆಯಿಂದಲೂ ದಡಕ್ಕೆ ಸಂದೇಶ ಹೋಗುತ್ತದೆ, ದಡದಿಂದ ಉತ್ತರವೂ ಬರುತ್ತದೆ. ಇಸ್ರೊದ ಸಂಪರ್ಕ ಉಪಗ್ರಹಗಳನ್ನು ನಿಯಂತ್ರಿಸುವ ಮುಖ್ಯ ಕೇಂದ್ರ ಇರುವುದು ನಮ್ಮ ಪಕ್ಕದ ಹಾಸನದಲ್ಲಿ.