ಪಯಣಿಗರೂ ವಿಷಜಂತುಗಳೂ

ಹಾನಗಲ್ಲಿನ ತಾರಕೇಶ್ವರನ ಗುಡಿಗೆ ಹೋದವರು ಮೇಲ್ಛಾವಣಿಯ ಕಲ್ಲಿನ ಕಮಲವನ್ನು ಕತ್ತೆತ್ತಿ ನೋಡದೆ ಬರುವುದಿಲ್ಲ. ಶಿಗ್ಗಾವಿ ತಾಲ್ಲೂಕಿನ ಬಂಕಾಪುರದಲ್ಲಿ ಅರವತ್ತು ಕಂಬದ ಗುಡಿಯೆಂದು ಹೆಸರಾದ ನಗರೇಶ್ವರನ ಆಲಯವನ್ನು ಸುತ್ತುವವರುಂಟು. ಸವಣೂರಿನ ದೊಡ್ಡ ಹುಣಸೆಮರಗಳ ಬೊಡ್ಡೆಯನ್ನು ಕೈಚಾಚಿ ಅಳೆಯುವವರುಂಟು. ಹಿರೇಕೆರೂರು ಸೀಮೆಯ ಮದಗದ ಕೆರೆಯ ಏರಿಯ ಮೇಲೆ ಸಂಜೆಯನ್ನು ಕಳೆಯುವವರುಂಟು. ಇವೆಲ್ಲ ನಮ್ಮ ಕಣ್ಣನ್ನು ಮೇಲಕ್ಕೆ ಸೆಳೆಯುವ ಸ್ಥಳಗಳು. ಆದರೆ ಹಳೆಯ ಕಲ್ಲಿನ ಸಂದು, ಮರದ ಪೊಟರೆ, ಕೆರೆಯಂಗಳದ ಹುಲ್ಲು, ಗದ್ದೆಯ ಬದು ಇವು ಹಾವು ಚೇಳುಗಳ ಬಿಡಾರಗಳೂ ಹೌದು. ಕಚ್ಚಿದ ವಿಷಕ್ಕೆ ನಮ್ಮವರು ಹಿಂದೆ ಏನು ಮಾಡಿದರು, ಇಂದು ನಾವು ಏನು ಮಾಡತಕ್ಕದ್ದು ಎಂಬುದನ್ನು ಈ ಹೊತ್ತು ವಿಚಾರಿಸೋಣ.

ಈ ನಾಡಿನ ಹಳ್ಳಿಗಳಲ್ಲಿ ಅಶ್ವತ್ಥದ ಕಟ್ಟೆಯ ಮೇಲೆ ನಾಗರಕಲ್ಲು ಇಲ್ಲದ ಊರು ಅಪೂರ್ವ. ಶ್ರಾವಣದ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಜೋಕಾಲಿ ಕಟ್ಟುತ್ತಾರೆ, ನಾಗಪ್ಪನಿಗೆ ಹಾಲೆರೆಯುತ್ತಾರೆ. ಮಳೆನೀರು ಬಿಲಗಳಿಗೆ ನುಗ್ಗಿ ಹಾವುಗಳು ಹೊರಬೀಳುವ ಕಾಲವೂ, ರೈತನು ಹೊಲದಲ್ಲಿ ಬರಿಗಾಲಲ್ಲಿ ದುಡಿಯುವ ಕಾಲವೂ ಅದೇ. ಭಕ್ತಿಯ ಬೆನ್ನಿಗೆ ಭಯವಿದ್ದುದು ಸಹಜವಾಗಿಯೇ ಇದೆ.

ಭಯವಿದ್ದಲ್ಲಿ ವಿಚಾರವೂ ಹುಟ್ಟಿತು. ವಿಜಯನಗರದ ಆರಂಭಕಾಲದಲ್ಲಿ, 14ನೆಯ ಶತಮಾನದಲ್ಲಿ, ಜೈನಕವಿ ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಅದರಲ್ಲಿ 16 ಅಧಿಕಾರಗಳಿವೆ. ಗಿಡಮೂಲಗಳಿಂದ ಬರುವ ಸ್ಥಾವರವಿಷ, ಪ್ರಾಣಿಗಳಿಂದ ಬರುವ ಜಂಗಮವಿಷ ಎಂದು ವಿಂಗಡಿಸಿ, ಮದ್ದನ್ನೂ ಮಂತ್ರವನ್ನೂ ಅವನು ಜೊತೆಜೊತೆಯಾಗಿ ಹೇಳುತ್ತಾನೆ. ಸಂಸ್ಕೃತವರಿಯದವನಿಗೂ ಈ ವಿದ್ಯೆ ದಕ್ಕಲೆಂದು ದೇಶಭಾಷೆಯಲ್ಲಿ ಇಂತಹ ಶಾಸ್ತ್ರವಿದ್ದುದು ನಮಗೆ ಹೆಮ್ಮೆಯೇ ಸರಿ. ಆದರೆ ಹೆಮ್ಮೆ ಬೇರೆ, ಚಿಕಿತ್ಸೆ ಬೇರೆ.

ಮಂತ್ರ ಹಾಕಿಸಿಕೊಂಡು ಬದುಕಿದವರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರಲ್ಲ ಎಂದು ಕೆಲವರು ಕೇಳಬಹುದು. ಇದ್ದಾರೆ. ನಮ್ಮ ಹಾವುಗಳಲ್ಲಿ ಬಹುಪಾಲು ವಿಷವಿಲ್ಲದವು. ವಿಷವುಳ್ಳವೂ ಎಷ್ಟೋ ಸಲ ವಿಷವನ್ನಿಳಿಸದೆ ಬರಿದೆ ಕಚ್ಚಿ ಬಿಡುತ್ತವೆ. ಹೀಗೆ ತಾನಾಗಿ ಬದುಕಬೇಕಾದವನು ಬದುಕಿದಾಗ ಕೀರ್ತಿ ಮಂತ್ರವಾದಿಗೆ ಹೋಗುತ್ತದೆ. ಬದುಕಿದವನು ಊರೆಲ್ಲ ತಿರುಗಿ ಹೇಳುತ್ತಾನೆ. ಸತ್ತವನು ಬಂದು ಸಾಕ್ಷಿ ನುಡಿಯುವುದಿಲ್ಲ. ಇದರಲ್ಲಿ ಮಂತ್ರವಾದಿಯ ಮೋಸವನ್ನೇ ಹುಡುಕಬೇಕಾಗಿಲ್ಲ, ಅವನೂ ನಂಬಿರುತ್ತಾನೆ. ಕೇಡು ಇರುವುದು ಅಲ್ಲಿ ಕಳೆದುಹೋಗುವ ಹೊತ್ತಿನಲ್ಲಿ.

ಪಾಶ್ಚಾತ್ಯ ವೈದ್ಯರಿಗೂ ದಾರಿ ಬೇಗನೆ ಸಿಕ್ಕಲಿಲ್ಲ. 1796ರಲ್ಲಿ ಪ್ಯಾಟ್ರಿಕ್ ರಸ್ಸೆಲನು ಕೋರಮಂಡಲ ತೀರದ ಹಾವುಗಳನ್ನು ಚಿತ್ರಸಹಿತ ವರ್ಣಿಸಿದನು. ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿ ಅವನದೇ ಹೆಸರು ನಿಂತಿದೆ. ಜೋಸೆಫ್ ಫೇರರನು 1869ರ ಒಂದೇ ವರ್ಷದಲ್ಲಿ ಬಂಗಾಳವೇ ಮೊದಲಾದ ಪ್ರಾಂತಗಳಲ್ಲಿ 11,416 ಜನ ಹಾವಿನಿಂದ ಸತ್ತರೆಂದು ಲೆಕ್ಕ ಕೂಡಿಸಿದನು. ಹೆಸರುವಾಸಿಯಾದ ಮದ್ದುಗಳನ್ನು ಪರೀಕ್ಷಿಸಿ, ಯಾವುದೂ ನೆಚ್ಚತಕ್ಕದ್ದಲ್ಲವೆಂದು ಕಂಡನು. ನಿಜವಾದ ಪ್ರತಿವಿಷ ಬಂದುದು 1894ರ ಸುಮಾರಿಗೆ, ಫ್ರಾನ್ಸಿನ ಕಾಲ್ಮೆಟನ ಕೈಯಿಂದ. ವಿಷವನ್ನು ಸ್ವಲ್ಪಸ್ವಲ್ಪವಾಗಿ ಪ್ರಾಣಿಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟಿದ ರಕ್ಷಕಶಕ್ತಿಯನ್ನು ರೋಗಿಗೆ ಕೊಡುವುದೇ ಅದರ ತತ್ತ್ವ. ನಾಗರದ ವಿಷಕ್ಕೆ ಮಾಡಿದ ಮದ್ದು ಮಂಡಲಕ್ಕೆ ನಾಟದೆಂಬುದನ್ನು 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಜಾರ್ಜ್ ಲ್ಯಾಂಬನು ತೋರಿಸಿದನು. ಇಂದು ಭಾರತದಲ್ಲಿ ದೊರೆಯುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಕೂಡಿಯೇ ಇರುವುದು.

ಆ ದಿನಗಳಲ್ಲಿ ಹಾನಗಲ್, ಹಿರೇಕೆರೂರು, ಶಿಗ್ಗಾವಿಗಳು ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಯಲ್ಲಿದ್ದುವು. ಸವಣೂರು 1948ರವರೆಗೆ ನವಾಬರ ಸಂಸ್ಥಾನ. ಆಳುವವರು ಬೇರೆಯಾದರೂ ಕಷ್ಟ ಒಂದೇ: ಪ್ರಯೋಗಶಾಲೆಗೂ ಹಳ್ಳಿಗೂ ನಡುವೆ ಎತ್ತಿನ ಗಾಡಿಯ ದಾರಿ. ಹುಚ್ಚುನಾಯಿಯ ಕಡಿತದ ಕಥೆಯೂ ಅದೇ. ಪಾಶ್ಚರನು 1885ರಲ್ಲಿ ಲಸಿಕೆಯನ್ನು ಮನುಷ್ಯನ ಮೇಲೆ ಪ್ರಯೋಗಿಸಿ ಗೆದ್ದನು. ಆದರೆ ನಮ್ಮ ದೇಶದಲ್ಲಿ ಅವನ ಹೆಸರಿನ ಸಂಸ್ಥೆ ಕಸೌಲಿಯಲ್ಲಿ ತೆರೆದುದು 1900ರಲ್ಲಿ, ಕೂನೂರಿನಲ್ಲಿ 1907ರಲ್ಲಿ. ಕಚ್ಚಿಸಿಕೊಂಡ ಬಡವನಿಗೆ ಇವೆರಡೂ ಕಾಶಿಯಷ್ಟೇ ದೂರ. ಹೊಟ್ಟೆಗೆ ಸಾಲಾಗಿ ಚುಚ್ಚುತ್ತಿದ್ದ ಹಳೆಯ ಲಸಿಕೆಯ ತಯಾರಿಕೆ 2004ರ ಕೊನೆಗೆ ನಿಂತಿತು. ಈಗಿನದು ತೋಳಿಗೆ, ಕೆಲವೇ ಸಲ.

ಚೇಳಿನ ವಿಷಯದಲ್ಲಿ ಬೆಳಕು ಬಂದುದು ಒಂದು ಸಣ್ಣ ಊರಿನಿಂದ. ಕೊಂಕಣದ ಮಹಾಡದಲ್ಲಿ ವೈದ್ಯರಾದ ಹಿಮ್ಮತರಾವ್ ಬಾವಸ್ಕರರು ಕೆಂಪುಚೇಳು ಕುಟುಕಿ ಸಾಯುವವರ ಹಾಸಿಗೆಯ ಬಳಿ ಕುಳಿತು ನೋಡಿ, ರಕ್ತದೊತ್ತಡಕ್ಕೆ ಕೊಡುವ ಪ್ರಾಜೋಸಿನ್ ಮಾತ್ರೆಯಿಂದ ಅವರನ್ನು ಉಳಿಸಬಹುದೆಂದು 1980ರ ದಶಕದಲ್ಲಿ ಲೋಕಕ್ಕೆ ತಿಳಿಸಿದರು.

ಇನ್ನು ಪಯಣಿಗನ ಕರ್ತವ್ಯ. ಕತ್ತಲಲ್ಲಿ ದೀಪವಿಲ್ಲದೆ ನಡೆಯಬಾರದು. ಕಾಣದ ಸಂದಿಗೆ ಕೈಯಿಡಬಾರದು. ಪಾದರಕ್ಷೆಯನ್ನು ಕೊಡವದೆ ಮೆಟ್ಟಬಾರದು. ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುತ್ತದೆ, ನೋವೂ ಗಾಯವೂ ತೋರದಿರಬಹುದು. ಅಂಚು ಸಿಕ್ಕಿಸಿದ ಸೊಳ್ಳೆಪರದೆ ಅದಕ್ಕೂ ರಕ್ಷೆ. ಹಾವು ಕಚ್ಚಿದರೆ ಗಾಯವನ್ನು ಕೊಯ್ಯಬಾರದು, ಹೀರಬಾರದು, ಹಗ್ಗದಿಂದ ಬಿಗಿಯಬಾರದು. ಉಂಗುರ ಬಳೆಗಳನ್ನು ತೆಗೆದು, ಕೈಯನ್ನೋ ಕಾಲನ್ನೋ ಹಲಗೆಗೆ ಕಟ್ಟಿ ಅಲುಗದಂತೆ ಮಾಡಿ, ನಡೆಸದೆ ಆಸ್ಪತ್ರೆಗೆ ಒಯ್ಯಬೇಕು. ಹಾವನ್ನು ಹಿಡಿಯಹೋಗಿ ಇನ್ನೊಬ್ಬನು ಕಚ್ಚಿಸಿಕೊಳ್ಳಬಾರದು. ಚೇಳು ಕುಟುಕಿ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು ಕಂಡರೆ, ಮಕ್ಕಳಾದರೆ ವಿಶೇಷವಾಗಿ, ತಡಮಾಡಬಾರದು. ನಾಯಿ ಕಚ್ಚಿದರೆ ಸುಣ್ಣ, ಮೆಣಸಿನಪುಡಿ ಮೆತ್ತದೆ, 15 ನಿಮಿಷ ಸಾಬೂನು ನೀರಿನಿಂದ ತೊಳೆದು ಅಂದೇ ಲಸಿಕೆಗೆ ಹೋಗಬೇಕು. ರೋಗದ ಲಕ್ಷಣ ಕಂಡಮೇಲೆ ಬದುಕಿದವರು ಬೆರಳೆಣಿಕೆಯವರು.

2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವಿನ ಕಡಿತದಿಂದ ಸತ್ತರೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ಪ್ರತಿವಿಷ ಹುಟ್ಟಿ ಶತಮಾನ ದಾಟಿದ ಮೇಲಿನ ಲೆಕ್ಕವಿದು! 2024ರಲ್ಲಿ ಕರ್ನಾಟಕ ಸರ್ಕಾರವು ಪ್ರತಿಯೊಂದು ಹಾವಿನ ಕಡಿತವೂ ವರದಿಯಾಗತಕ್ಕದ್ದೆಂದು ಗೊತ್ತುಮಾಡಿತು. ಹಿಂದೆ ಸಾವಿಗೆ ಕಾರಣ ಮದ್ದಿನ ಅಭಾವ. ಆಮೇಲೆ ದಾರಿಯ ದೂರ. ಇಂದು ಶಿಗ್ಗಾವಿಯ ಮಗ್ಗುಲಲ್ಲಿಯೇ ಹೆದ್ದಾರಿಯಿದೆ, 108ಕ್ಕೆ ಕರೆದರೆ ಗಾಡಿ ಬರುತ್ತದೆ, ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ಉಳಿದಿರುವುದು ನಾವು ಮೊದಲು ಯಾವ ಬಾಗಿಲಿಗೆ ಹೋಗುತ್ತೇವೆ ಎಂಬುದೊಂದೇ. ನಾಗರಕಲ್ಲಿಗೆ ಕೈಮುಗಿಯುವವರು ಮುಗಿಯಲಿ. ಕಚ್ಚಿಸಿಕೊಂಡವನನ್ನು ಆಸ್ಪತ್ರೆಗೆ ತಲುಪಿಸಿದ ಮೇಲೆ ಮುಗಿಯಲಿ.