ಪಿಕಪ್ ವಾಹನದ ಪವರ್ ಸ್ಟೀರಿಂಗ್: ಸದ್ದು ಮತ್ತು ಆಯಿಲ್ ದೋಷ ಪತ್ತೆ ಹೇಗೆ?

ಸರಕು ತುಂಬಿದ ಪಿಕಪ್ ಘಟ್ಟದ ತಿರುವಿನಲ್ಲಿರುವಾಗ ಪವರ್ ಸ್ಟೀರಿಂಗ್ ಕೈಕೊಟ್ಟರೆ, ಚಕ್ರಗಳಿಗೂ ಸ್ಟೀರಿಂಗ್‌ಗೂ ಇರುವ ಸಂಪರ್ಕವೇನೂ ಕಡಿಯುವುದಿಲ್ಲ. ಆದರೆ ತಿರುಗಿಸಲು ಬೇಕಾಗುವ ಬಲ ಒಮ್ಮೆಲೇ ಹೆಚ್ಚುತ್ತದೆ. ಅಪಾಯವಿರುವುದು ಅಲ್ಲಿಯೇ. ಹೈಡ್ರಾಲಿಕ್ ಮಾದರಿಯ ಪವರ್ ಸ್ಟೀರಿಂಗ್ ಕೆಡುವ ಮುನ್ನ ಸಾಮಾನ್ಯವಾಗಿ ಸದ್ದಿನ ಮೂಲಕ ಸೂಚನೆ ನೀಡುತ್ತದೆ. ಎಂಜಿನ್ ಬೆಲ್ಟ್‌ನಿಂದ ತಿರುಗುವ ಪಂಪ್, ಆಯಿಲ್ ಡಬ್ಬಿ, ಹೋಸ್ ಪೈಪುಗಳು ಮತ್ತು ಸ್ಟೀರಿಂಗ್ ಗೇರ್ ಇದರ ಮುಖ್ಯ ಭಾಗಗಳು.

ಸದ್ದಿನ ಬಗೆಗಳು

* ಸ್ಟೀರಿಂಗ್ ತಿರುಗಿಸಿದಾಗ ಹೆಚ್ಚುವ ಗುಂಯ್‌ಗುಟ್ಟುವಿಕೆ: ಆಯಿಲ್ ಕಡಿಮೆಯಾಗಿರಬಹುದು ಅಥವಾ ಅದರಲ್ಲಿ ಗಾಳಿ ಸೇರಿರಬಹುದು.
* ಕಿರ್ ಎಂಬ ಚೀರು ಸದ್ದು: ಬೆಲ್ಟ್ ಸಡಿಲಗೊಂಡಿರುವ ಅಥವಾ ಸವೆದಿರುವ ಸಾಧ್ಯತೆ ಹೆಚ್ಚು.
* ಕೊನೆಯವರೆಗೆ ತಿರುಗಿಸಿದಾಗ ಮಾತ್ರ ಬರುವ ಸದ್ದು: ಒತ್ತಡ ಬಿಡುಗಡೆಯ ಕವಾಟದ್ದು, ಬಹುತೇಕ ಸಹಜ. ಆದರೂ ಆ ಸ್ಥಿತಿಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ಆಯಿಲ್ ವಿಪರೀತ ಕಾಯುತ್ತದೆ.

ಆಯಿಲ್ ಪರೀಕ್ಷೆ

ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಮಟ್ಟ ನೋಡಬೇಕು. ಬಿಸಿ ಮತ್ತು ತಣ್ಣನೆಯ ಎಂಜಿನ್ನಿಗೆ ಹಲವು ಡಬ್ಬಿಗಳಲ್ಲಿ ಪ್ರತ್ಯೇಕ ಗುರುತುಗಳಿರುತ್ತವೆ. ನೊರೆ ಕಂಡರೆ ಗಾಳಿ ಸೇರುತ್ತಿದೆಯೆಂದು ತಿಳಿಯಬೇಕು. ಡಬ್ಬಿಯಿಂದ ಪಂಪಿಗೆ ಹೋಗುವ ಹೋಸ್ ಮತ್ತು ಅದರ ಕ್ಲಿಪ್ಪುಗಳನ್ನು ಮೊದಲು ಪರೀಕ್ಷಿಸಬೇಕು, ಏಕೆಂದರೆ ಆ ಭಾಗದ ಬಿರುಕು ಆಯಿಲ್ ಸೋರಿಸದೆಯೂ ಗಾಳಿಯನ್ನು ಒಳಗೆಳೆಯಬಲ್ಲದು. ಕಪ್ಪು ಬಣ್ಣ ಮತ್ತು ಸುಟ್ಟ ವಾಸನೆ ಹಳೆಯ ಆಯಿಲ್‌ನ ಲಕ್ಷಣ. ಲೋಹದ ಕಣಗಳು ಹೊಳೆದರೆ ಪಂಪ್ ಸವೆಯುತ್ತಿದೆ.

ಈ ವ್ಯವಸ್ಥೆಯಲ್ಲಿ ಆಯಿಲ್ ಖರ್ಚಾಗುವುದಿಲ್ಲ. ಪದೇ ಪದೇ ತುಂಬಿಸಬೇಕಾದರೆ ಸೋರಿಕೆ ಇದ್ದೇ ಇದೆ. ಎಂಜಿನ್ ಚಾಲನೆಯಲ್ಲಿರುವಾಗ ಅಧಿಕ ಒತ್ತಡದ ಹೋಸನ್ನು ಕೈಯಿಂದ ತಡವಬಾರದು. ಸಣ್ಣ ರಂಧ್ರದಿಂದ ಚಿಮ್ಮುವ ಆಯಿಲ್ ಚರ್ಮವನ್ನೂ ಭೇದಿಸಬಲ್ಲದು. ಬಿಸಿಯಾದ ಸೈಲೆನ್ಸರ್ ಪೈಪಿನ ಮೇಲೆ ಸೋರಿದರೆ ಬೆಂಕಿಯ ಭಯವೂ ಉಂಟು.

ಗಾಳಿ ತೆಗೆಯುವ ಕ್ರಮ

ಮುಂದಿನ ಚಕ್ರಗಳನ್ನು ಜ್ಯಾಕ್‌ನಿಂದ ಎತ್ತಿ, ಭದ್ರವಾದ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಅಡ್ಡ ಇಡಬೇಕು. ಎಂಜಿನ್ ಆರಿಸಿ, ಆಯಿಲ್ ಮಟ್ಟ ಇಳಿಯದಂತೆ ತುಂಬಿಸುತ್ತಾ, ಸ್ಟೀರಿಂಗನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಹಲವು ಬಾರಿ ತಿರುಗಿಸಬೇಕು. ಗುಳ್ಳೆಗಳು ನಿಂತ ಬಳಿಕವೇ ಎಂಜಿನ್ ಚಾಲೂ ಮಾಡಬೇಕು. ಆನಂತರವೂ ಸದ್ದು ಉಳಿದರೆ ಪಂಪನ್ನು ಮೆಕ್ಯಾನಿಕ್‌ಗೆ ತೋರಿಸುವುದು ಒಳಿತು.

ಕೆಲವು ವಾಹನಗಳಿಗೆ ಕೆಂಪು ಬಣ್ಣದ ಎಟಿಎಫ್ ಆಯಿಲ್, ಇನ್ನು ಕೆಲವಕ್ಕೆ ಬೇರೆಯೇ ಆಯಿಲ್ ಬೇಕು. ಬಣ್ಣ ನೋಡಿ ಊಹಿಸದೆ ಕೈಪಿಡಿಯಲ್ಲಿ ಹೇಳಿರುವುದನ್ನೇ ಬಳಸಬೇಕು. ತಪ್ಪು ಆಯಿಲ್ ರಬ್ಬರ್ ಸೀಲುಗಳನ್ನು ಕೆಡಿಸಬಹುದು. ಬ್ರೇಕ್ ಆಯಿಲ್ ಅಂತೂ ಸರ್ವಥಾ ಹಾಕಬಾರದು. ವಿದ್ಯುತ್ ಮೋಟಾರಿನಿಂದಲೇ ನಡೆಯುವ ಪವರ್ ಸ್ಟೀರಿಂಗ್‌ನಲ್ಲಿ ಆಯಿಲ್ ಇರುವುದಿಲ್ಲವಾದ್ದರಿಂದ, ಅಂಥ ವಾಹನಗಳಿಗೆ ಈ ಪರೀಕ್ಷೆಗಳು ಅನ್ವಯಿಸುವುದಿಲ್ಲ.